ವಿಆರ್ ಕನ್ನಡಕದಲ್ಲಿ ನೋಡಿದರೆ ಫ್ಲಾಟಿನ ಗುಣಮಟ್ಟ ಗೊತ್ತಾಗುತ್ತದೆಯೇ?

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆ ಫ್ಲಾಟ್ ನೋಡಲು ಹೋದವರ ಕಣ್ಣಿಗೆ ಈಗ ವಿಆರ್ ಹೆಡ್‌ಸೆಟ್ ಕಟ್ಟುವುದುಂಟು. ಪಾಯವೂ ಮುಗಿಯದ ಕಟ್ಟಡದ ಒಂಬತ್ತನೇ ಮಹಡಿಯ ಬಾಲ್ಕನಿಯಲ್ಲಿ ನೀವು ನಿಂತಿರುತ್ತೀರಿ. "ಕಣ್ಣಾರೆ ನೋಡಿದ್ದೇವೆ" ಎಂದು ಅಡ್ವಾನ್ಸ್ ಕೊಡುವ ಮುಂಚೆ ಇದನ್ನು ಓದಿ.

ವಿಆರ್ ಸುಳ್ಳು ತಂತ್ರಜ್ಞಾನವಲ್ಲ. ಕಾರು ಕಂಪನಿಗಳು ಬಾಗಿಲು ಮತ್ತು ಬಾಡಿಯ ನಡುವಿನ ಸಂದನ್ನು ವಿಆರ್‌ನಲ್ಲಿ ಹೆಚ್ಚು ಕಡಿಮೆ ಮಾಡಿ, ಜನರಿಗೆ ಯಾವುದು 'ಒಳ್ಳೆ ಕ್ವಾಲಿಟಿ' ಎನಿಸುತ್ತದೆ ಎಂದು ಪರೀಕ್ಷಿಸುತ್ತವೆ. ಅಲ್ಲಿ ಅಳೆಯುವುದು ನಮ್ಮ ಅನಿಸಿಕೆಯನ್ನು, ವಸ್ತುವಿನ ಗಟ್ಟಿತನವನ್ನಲ್ಲ. ಗೊಂದಲ ಹುಟ್ಟುವುದು ಇಲ್ಲೇ.

ಚೆನ್ನಾಗಿರುವ ಕಣ್ಣು ಒಂದು ಡಿಗ್ರಿಯಲ್ಲಿ ಸುಮಾರು 60 ಪಿಕ್ಸೆಲ್‌ಗಳಷ್ಟು ವಿವರ ಗುರುತಿಸಬಲ್ಲದು. ಮೆಟಾ ಕ್ವೆಸ್ಟ್ 3 ತೋರಿಸುವುದು ಸುಮಾರು 25. ಅಂದರೆ ಒಂದು ಮೀಟರ್ ದೂರದಲ್ಲಿ ಒಂದು ಪಿಕ್ಸೆಲ್ಲೇ 0.7 ಮಿಲಿಮೀಟರ್, ಕೂದಲೆಳೆಯ ಬಿರುಕು ಅದರಲ್ಲಿ ಕಾಣದು. ಕಂಡರೂ, ಚಿತ್ರ ಬರೆದವರು ಬಿರುಕನ್ನೇಕೆ ಬರೆಯುತ್ತಾರೆ? ಇನ್ನು ಮುಟ್ಟುವ ಮಾತೇ ಇಲ್ಲ. ಪೀಣ್ಯದಂಥ ಕಡೆ ಮೆಷಿನ್ ಶಾಪಿನವರು ಕಣ್ಣಿಗೆ ನುಣುಪಾಗಿ ಕಂಡ ಲೋಹದ ಮೇಲೂ ಉಗುರು ಎಳೆದು ನೋಡುತ್ತಾರೆ.

ಅಳತೆಯೂ ಮೋಸವೇ. ಹಳೆಯ ಹೆಡ್‌ಸೆಟ್‌ಗಳಲ್ಲಿ ಜನ ದೂರವನ್ನು ನಿಜದ ಮುಕ್ಕಾಲರಷ್ಟೇ ಅಂದಾಜಿಸುತ್ತಿದ್ದರು ಎನ್ನುತ್ತವೆ ಅಧ್ಯಯನಗಳು. ಹೊಸವುಗಳಲ್ಲಿ ತಪ್ಪು ಕಡಿಮೆಯಾಗಿದೆ. ಹಾಗಿದ್ದರೆ ಕೋಣೆ ಚಿಕ್ಕದಾಗಿ ಕಾಣಬೇಕಲ್ಲವೇ? ಮಂಚ, ಸೋಫಾಗಳನ್ನು ಸ್ವಲ್ಪ ಕುಗ್ಗಿಸಿ ಬರೆದರೆ ಅದೇ ಕೋಣೆ ವಿಶಾಲವಾಗಿ ಕಾಣುತ್ತದೆ. ಕಾರ್ಪೆಟ್ ಏರಿಯಾ ಎಷ್ಟೆಂದು ಕೇಳಿ, ಮನೆಗೆ ಬಂದು ನಿಮ್ಮ ಹಾಲ್‌ನಲ್ಲೇ ಟೇಪ್ ಹಿಡಿದು ಅಳೆಯಿರಿ.

ಕಾನೂನು ನಿಮ್ಮ ಪರವಾಗಿದೆ. 2016ರ ರೇರಾ ಕಾಯ್ದೆಯಲ್ಲಿ 'ಜಾಹೀರಾತು' ಎಂದರೆ ಯಾವುದೇ ರೂಪದ ಪ್ರಚಾರ. ವಿಆರ್ ಪ್ರದರ್ಶನವೂ ಅದರೊಳಗೇ ಬರುತ್ತದೆ ಎಂಬುದು ನಮ್ಮ ಓದು. ಜಾಹೀರಾತು ಅಥವಾ ಮಾದರಿ ಮನೆಯ ತಪ್ಪು ಮಾಹಿತಿ ನಂಬಿ ಹಣ ಕೊಟ್ಟು ನಷ್ಟವಾದರೆ 12ನೇ ಸೆಕ್ಷನ್ ಪ್ರಕಾರ ಪರಿಹಾರ ಕೇಳಬಹುದು. ಬೇಡವೆಂದು ಹಿಂದೆ ಸರಿದರೆ ಬಡ್ಡಿ ಸಮೇತ ಹಣ ವಾಪಸ್. ಆದರೆ ಏನು ತೋರಿಸಿದರು ಎಂಬುದಕ್ಕೆ ಸಾಕ್ಷಿ ಬೇಕಲ್ಲ? ಆ ವಿಡಿಯೋವನ್ನು ಅವರದೇ ಇಮೇಲ್‌ನಿಂದ ಕಳಿಸಲು ಹೇಳಿ. ಮಾರಾಟ ಕರಾರು ನೋಂದಣಿ ಆಗುವ ಮುಂಚೆ ಶೇ 10ಕ್ಕಿಂತ ಹೆಚ್ಚು ಹಣ ಕೇಳುವಂತಿಲ್ಲ. ಸ್ವಾಧೀನ ಪಡೆದ 5 ವರ್ಷದೊಳಗೆ ಕಟ್ಟಡದಲ್ಲಿ ದೋಷ ಕಂಡು ನೀವು ತಿಳಿಸಿದರೆ, 30 ದಿನದಲ್ಲಿ ಬಿಲ್ಡರ್ ಪುಕ್ಕಟೆ ಸರಿಪಡಿಸಬೇಕು. ರೇರಾ ನೋಂದಣಿ ಸಂಖ್ಯೆ ಜಾಹೀರಾತಿನಲ್ಲೇ ಇರಬೇಕು; ಅದನ್ನು ಕರ್ನಾಟಕ ರೇರಾ ವೆಬ್‌ಸೈಟಿನಲ್ಲಿ ಹಾಕಿ ನೋಡಲು ಹೆಡ್‌ಸೆಟ್ ಬೇಕಿಲ್ಲ, ನಿಮ್ಮ ಕೈಲಿರುವ ಫೋನ್ ಸಾಕು.