ಕಾರ್ಬೋಹೈಡ್ರೇಟ್: ಪೋಷಣಾ ಇತಿಹಾಸ

ಸಕ್ಕರೆ, ಪಿಷ್ಟ, ನಾರುಗಳನ್ನು ಒಳಗೊಂಡ ಆಹಾರಘಟಕಗಳ ವರ್ಗ. ಶರ್ಕರಪಿಷ್ಟ ಎಂದೂ ಹೆಸರು. ಅಕ್ಕಿ, ರಾಗಿ, ಜೋಳ, ಗೋಧಿ ಉಣ್ಣುವ ಜನಕ್ಕೆ ಶಕ್ತಿಯ ಮುಖ್ಯ ಮೂಲ ಇದೇ. ಒಂದು ಗ್ರಾಂ ಪಿಷ್ಟದಿಂದ ಸುಮಾರು 4 ಕಿಲೋಕ್ಯಾಲರಿ ಸಿಗುತ್ತದೆ.

ಪಿಷ್ಟಕ್ಕೂ ಸಕ್ಕರೆಗೂ ಇರುವ ನಂಟು 1811ರ ಸುಮಾರಿಗೆ ಬೆಳಕಿಗೆ ಬಂತು. ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಕಿರ್ಚಾಫ್ ಪಿಷ್ಟವನ್ನು ಗಂಧಕಾಮ್ಲದೊಂದಿಗೆ ಕುದಿಸಿ ಸಿಹಿ ಪಾಕ ಪಡೆದ. 1833ರಲ್ಲಿ ಫ್ರಾನ್ಸಿನ ಪಾಯೆನ್ ಮತ್ತು ಪೆರ್ಸೊ ಮೊಳಕೆ ಬಾರ್ಲಿಯಿಂದ ಅದೇ ಕೆಲಸ ಮಾಡುವ ಕಿಣ್ವವನ್ನು ಬೇರ್ಪಡಿಸಿದರು. ನಮ್ಮ ಜೊಲ್ಲಿನಲ್ಲೂ ಅಂಥ ಕಿಣ್ವವಿದೆ; ಅನ್ನವನ್ನು ಬಹಳ ಹೊತ್ತು ಅಗಿದರೆ ಸಿಹಿಯೆನಿಸುವುದು ಅದರಿಂದಲೇ.

ಸಕ್ಕರೆ ತಯಾರಿಸುವುದು ಸಸ್ಯಗಳಿಗೆ ಮಾತ್ರ ಸಾಧ್ಯ, ಪ್ರಾಣಿಗಳು ಅದನ್ನು ಉರಿಸಿ ಮುಗಿಸುತ್ತವೆ ಎಂಬುದು ಆಗಿನ ನಂಬಿಕೆ. ಪ್ಯಾರಿಸ್ಸಿನ ಕ್ಲಾಡ್ ಬರ್ನಾರ್ಡ್ ಬರೀ ಮಾಂಸ ತಿನ್ನಿಸಿದ ನಾಯಿಯ ರಕ್ತದಲ್ಲೂ ಸಕ್ಕರೆ ಕಂಡ. ಮುಂದೆ 1855ರಲ್ಲಿ, ಆಗಷ್ಟೇ ತೆಗೆದ ಯಕೃತ್ತಿನೊಳಗೆ ನೀರು ಹರಿಸಿ ಸಕ್ಕರೆಯ ಸುಳಿವೂ ಉಳಿಯದಂತೆ ತೊಳೆದು ಇಟ್ಟ. ಮರುದಿನ ನೋಡಿದರೆ ಅದರಲ್ಲಿ ಮತ್ತೆ ಸಕ್ಕರೆ ತುಂಬಿತ್ತು! ಒಳಗೆ ಕೂಡಿಟ್ಟ ಯಾವುದೋ ದ್ರವ್ಯದಿಂದ ಅದು ಹುಟ್ಟುತ್ತಿರಬೇಕೆಂದು ಹುಡುಕಿ, 1857ರಲ್ಲಿ ಗ್ಲೈಕೋಜನ್ ಬೇರ್ಪಡಿಸಿದ. ಪೋಷಣಾಶಾಸ್ತ್ರದಲ್ಲಿ ಇಷ್ಟು ಸರಳವೂ ಸುಂದರವೂ ಆದ ಪ್ರಯೋಗಗಳು ವಿರಳ. ಎರಡು ಊಟಗಳ ನಡುವೆ, ರಾತ್ರಿಯ ನಿದ್ದೆಯಲ್ಲಿ, ಮಿದುಳಿಗೆ ಗ್ಲೂಕೋಸ್ ತಪ್ಪದೆ ಸಿಗುವುದು ಬಹುಪಾಲು ಈ ದಾಸ್ತಾನಿನಿಂದ. ಅದು ಕರಗಿ ಮತ್ತೆ ಕೂಡುವ ಬಗೆಯನ್ನು ಬಿಡಿಸಿದ ಗೆರ್ಟಿ ಮತ್ತು ಕಾರ್ಲ್ ಕೋರಿ ದಂಪತಿಗೆ 1947ರಲ್ಲಿ ನೊಬೆಲ್ ಬಂತು.

ಸಕ್ಕರೆ ಬೇಗ ರಕ್ತಕ್ಕೆ ಸೇರುತ್ತದೆ, ಪಿಷ್ಟ ನಿಧಾನ ಎಂಬ ಎಣಿಕೆ ಮಾತ್ರ ಬಹುಕಾಲ ಉಳಿಯಿತು. ಇನ್ಸುಲಿನ್ ಕಂಡುಹಿಡಿದ ಟೊರಾಂಟೊದಲ್ಲೇ ಡೇವಿಡ್ ಜೆಂಕಿನ್ಸ್ ತಂಡ 1981ರಲ್ಲಿ ಅದನ್ನು ಅಳೆದು ನೋಡಿತು. ಆಲೂಗಡ್ಡೆಯಂಥ ಕೆಲವು ಪಿಷ್ಟಾಹಾರಗಳು ಸಕ್ಕರೆಗಿಂತ ಚುರುಕಾಗಿ ರಕ್ತದ ಗ್ಲೂಕೋಸನ್ನು ಏರಿಸಿದವು. ಕಾಳುಗಳು ತೀರ ನಿಧಾನ. ಹೀಗೆ ಗ್ಲೈಸೆಮಿಕ್ ಸೂಚ್ಯಂಕ ಹುಟ್ಟಿತು. ಧಾನ್ಯದ ಹೆಸರೊಂದನ್ನೇ ನೋಡಿ ಸಕ್ಕರೆಕಾಯಿಲೆಯವರಿಗೆ ಪಥ್ಯ ಹೇಳುವುದು ಸಾಲದು. ರಾಗಿಯೇ ಆದರೂ ನುಣ್ಣಗೆ ಬೀಸಿ ಚೆನ್ನಾಗಿ ಬೇಯಿಸಿದಷ್ಟೂ ಬೇಗ ಜೀರ್ಣವಾಗುತ್ತದೆ.

ಉಗಾಂಡದಲ್ಲಿ ದುಡಿದ ಶಸ್ತ್ರವೈದ್ಯ ಡೆನಿಸ್ ಬರ್ಕಿಟ್ 1970ರ ದಶಕದಲ್ಲಿ ನಾರಿನ ಕಡೆಗೆ ವೈದ್ಯರ ಗಮನ ಸೆಳೆದ. ಮುಂದಿನ ದಶಕದಲ್ಲಿ ನಿರೋಧಕ ಪಿಷ್ಟದ ಅಧ್ಯಯನ ಬೆಳೆಯಿತು. ಬೆಂದ ಅನ್ನ ತಣಿದಾಗ ಪಿಷ್ಟದ ಸ್ವಲ್ಪ ಪಾಲು ಮತ್ತೆ ಬಿಗಿಯಾಗಿ ಹೆಣೆದುಕೊಂಡು ಸಣ್ಣಕರುಳಿನಲ್ಲಿ ಜೀರ್ಣವಾಗದೆ ಉಳಿಯುತ್ತದೆ. ದೊಡ್ಡಕರುಳಿನ ಬ್ಯಾಕ್ಟೀರಿಯಾಗಳಿಗೆ ಅದೇ ಆಹಾರ. ತಂಗಳನ್ನದಲ್ಲಿ ಇಂಥ ಪಿಷ್ಟ ಬಿಸಿಯನ್ನಕ್ಕಿಂತ ಹೆಚ್ಚು.