ಜಾಲವೋ ಕೋಶವೋ: ನರಕೋಶ ಸಿದ್ಧಾಂತ ನೆಲೆಗೊಂಡ ಬಗೆ

ಕನ್ನಡದಲ್ಲಿ ನ್ಯೂರಾನ್‌ಗೆ ‘ನರಕೋಶ’ ಎನ್ನುತ್ತೇವೆ. ಮಿದುಳಿನ ರಚನೆಯನ್ನು ವಿವರಿಸುವಾಗ ‘ನರಜಾಲ’ ಎಂಬ ಮಾತೂ ಸಲೀಸಾಗಿ ಬರುತ್ತದೆ. ಇಂದು ಅಕ್ಕಪಕ್ಕದಲ್ಲಿ ನಿಲ್ಲುವ ಈ ಎರಡು ಪದಗಳು ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ಒಂದಕ್ಕೊಂದು ಎದುರಾಗಿದ್ದ ಎರಡು ಪಕ್ಷಗಳನ್ನು ಸೂಚಿಸುತ್ತವೆ. ನರಮಂಡಲ ಬಿಡಿಬಿಡಿ ಕೋಶಗಳಿಂದ ಆದದ್ದೇ, ಇಲ್ಲವೇ ಎಲ್ಲೂ ಕಡಿಯದ ಒಂದೇ ಬಲೆಯೇ? ಇಟಲಿಯ ಗಾಲ್ಜಿ ಮತ್ತು ಸ್ಪೇನಿನ ಕಹಾಲ್ ಇಬ್ಬರೂ ಅಂಗಾಂಶಕ್ಕೆ ಬಣ್ಣ ಹಿಡಿಸುವ ಒಂದೇ ವರ್ಣವಿಧಾನವನ್ನು ಬಳಸಿ ವಿರುದ್ಧ ಉತ್ತರಗಳನ್ನು ಕೊಟ್ಟರು. ವಾದದ ದಿಕ್ಕನ್ನು ತಿರುಗಿಸಿದ್ದು ಪರೀಕ್ಷೆಗೆ ಆರಿಸಿಕೊಂಡ ಅಂಗಾಂಶ ಎಂಬುದು ಈ ಲೇಖನದ ಪ್ರತಿಪಾದನೆ.

ವಾದದ ಹಿನ್ನೆಲೆ

ವಿಜ್ಞಾನಿ ಪುರ್ಕಿನ್ಯೆ 1837ರಲ್ಲಿ ಅನುಮಸ್ತಿಷ್ಕದ ದೊಡ್ಡ ಕೋಶಗಳನ್ನು ವರ್ಣಿಸಿದ. ಪ್ರಾಣಿಗಳ ದೇಹವೆಲ್ಲ ಕೋಶಗಳಿಂದ ಆದದ್ದೆಂದು ಶ್ವಾನ್ 1839ರಲ್ಲಿ ಸಾರಿದ. ನರ ಅಂಗಾಂಶ ಮಾತ್ರ ಈ ನಿಯಮಕ್ಕೆ ಸುಲಭವಾಗಿ ಒಗ್ಗಲಿಲ್ಲ. ಕೋಶಕಾಯ ಕಾಣುತ್ತಿತ್ತು, ಅದರಿಂದ ಹೊರಟ ಎಳೆಗಳೂ ಕಾಣುತ್ತಿದ್ದವು. ಎಳೆ ಎಲ್ಲಿ ಮುಗಿಯುತ್ತದೆಂಬುದು ಕಾಣುತ್ತಿರಲಿಲ್ಲ. ಒಂದು ಕೋಶದಿಂದ ಕವಲೊಡೆಯುವ ಹಲವು ಚಾಚುಗಳೂ (ಇಂದಿನ ಡೆಂಡ್ರೈಟ್) ಒಂದೇ ಒಂದು ನೀಳ ಎಳೆಯೂ (ಇಂದಿನ ಆಕ್ಸಾನ್) ಹೊರಡುತ್ತವೆಂದು ಡೈಟರ್ಸ್‌ನ ಮರಣಾನಂತರ 1865ರಲ್ಲಿ ಪ್ರಕಟವಾದ ಕೃತಿ ತೋರಿಸಿತು. 1870ರ ದಶಕದ ಆರಂಭದಲ್ಲಿ ಗೆರ್ಲಾಖ್, ಈ ಕವಲುಗಳು ಒಂದರೊಳಗೊಂದು ಬೆಸೆದು ಬಲೆಯಾಗುತ್ತವೆ ಎಂದು ವಾದಿಸಿದ.

ಕಪ್ಪು ವರ್ಣಕ್ರಿಯೆ

ಇಟಲಿಯ ಅಬ್ಬಿಯಾತೆಗ್ರಾಸ್ಸೊ ಊರಿನಲ್ಲಿ ದೀರ್ಘಕಾಲದ ರೋಗಿಗಳ ಆಸ್ಪತ್ರೆಯೊಂದಿತ್ತು. ಅಲ್ಲಿ ವೈದ್ಯನಾಗಿದ್ದ ಕ್ಯಾಮಿಲ್ಲೊ ಗಾಲ್ಜಿ ಅಡುಗೆಮನೆಯನ್ನೇ ಪ್ರಯೋಗಾಲಯ ಮಾಡಿಕೊಂಡು, ಪೊಟ್ಯಾಸಿಯಂ ಡೈಕ್ರೋಮೇಟ್‌ನಲ್ಲಿ ಗಟ್ಟಿಗೊಳಿಸಿದ ನರ ಅಂಗಾಂಶವನ್ನು ಸಿಲ್ವರ್ ನೈಟ್ರೇಟ್‌ನಲ್ಲಿ ನೆನೆಸಿದ. ಬೆಳ್ಳಿಯ ಲವಣ ಕೆಲವೇ ಕೋಶಗಳೊಳಗೆ ತುಂಬಿ, ಹಳದಿ ಹಿನ್ನೆಲೆಯ ಮೇಲೆ ಅವು ಕಪ್ಪಗೆ ಎದ್ದುಬಂದವು. 1873ರಲ್ಲಿ ಪ್ರಕಟವಾದ ಈ ವಿಧಾನದ ಬಲವಿದ್ದುದು ಆ ‘ಕೆಲವೇ’ ಎಂಬುದರಲ್ಲಿ. ಎಲ್ಲ ಕೋಶಗಳೂ ಬಣ್ಣ ಹೀರಿದ್ದರೆ ಕಣ್ಣಿಗೆ ಬೀಳುತ್ತಿದ್ದುದು ಬರೀ ಕಪ್ಪು ಗೋಜಲು.

ಇಷ್ಟು ಸ್ಪಷ್ಟವಾಗಿ ಕಂಡರೂ ಗಾಲ್ಜಿ ಬಲೆಯ ಪಕ್ಷದಲ್ಲೇ ಉಳಿದ. ಗೆರ್ಲಾಖ್ ಹೇಳಿದ ಬೆಸುಗೆಯನ್ನು ಡೆಂಡ್ರೈಟ್‌ಗಳಲ್ಲಿ ಅವನು ಒಪ್ಪಲಿಲ್ಲ. ಅವುಗಳ ಕೆಲಸ ಪೋಷಣೆ ಎಂದ. ಆಕ್ಸಾನ್‌ನ ಕವಲುಗಳೇ ಹೆಣೆದುಕೊಂಡು ಜಾಲವಾಗುತ್ತವೆ ಎಂಬುದು ಅವನ ನಿಲುವಾಯಿತು.

ಎಳೆಯ ಅಂಗಾಂಶದ ಸಾಕ್ಷ್ಯ

ಸ್ಪೇನಿನ ಸಾಂಟಿಯಾಗೊ ರಮೋನ್ ಇ ಕಹಾಲ್ ಗಾಲ್ಜಿ ವಿಧಾನದ ಸ್ಲೈಡುಗಳನ್ನು 1887ರಲ್ಲಿ ಮ್ಯಾಡ್ರಿಡ್‌ನಲ್ಲಿ ನೋಡಿದ. ಬೆಳೆದ ಪ್ರಾಣಿಯ ನರತಂತುಗಳನ್ನು ಸುತ್ತಿರುವ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಬೆಳ್ಳಿಗೆ ಅಡ್ಡಬರುತ್ತದೆ. ಆದ್ದರಿಂದ ಅವನು ಬೆಳ್ಳಿಯ ಲೇಪವನ್ನು ಇಮ್ಮಡಿಗೊಳಿಸಿದ. ಜತೆಗೆ ಹೊದಿಕೆ ಇನ್ನೂ ಮೂಡದ, ಕವಲು ವಿರಳವಾಗಿರುವ ಭ್ರೂಣಗಳನ್ನೂ ಮರಿಗಳನ್ನೂ ಆರಿಸಿಕೊಂಡ. ಚಲನೆಯನ್ನೂ ಸಮತೋಲವನ್ನೂ ಹದದಲ್ಲಿಡುವ ಅನುಮಸ್ತಿಷ್ಕವನ್ನು ಹಕ್ಕಿಗಳಲ್ಲಿ ಪರಿಶೀಲಿಸಿ 1888ರಲ್ಲಿ ಫಲಿತಾಂಶ ಪ್ರಕಟಿಸಿದ. ಅಲ್ಲಿ ಆಕ್ಸಾನ್‌ನ ತುದಿಗಳು ಪುರ್ಕಿನ್ಯೆ ಕೋಶವನ್ನು ಬುಟ್ಟಿಯಂತೆ ಸುತ್ತುವರಿದಿದ್ದವು, ಅದರೊಳಗೆ ಬೆಸೆದಿರಲಿಲ್ಲ. ಎಳೆ ಕೊನೆಗೂ ಎಲ್ಲಿ ಮುಗಿಯುತ್ತದೆಂಬುದು ಕಂಡಿತ್ತು. ಸಂದೇಶವನ್ನು ಡೆಂಡ್ರೈಟ್ ಪಡೆಯುತ್ತದೆ, ಆಕ್ಸಾನ್ ಸಾಗಿಸುತ್ತದೆ ಎಂಬ ದಿಕ್ಕಿನ ನಿಯಮವನ್ನೂ ಅವನು ಮುಂದೆ ಮಂಡಿಸಿದ.

ಸಂದಿನ ಶೋಧ

1889ರ ಬರ್ಲಿನ್ ಸಭೆಯಲ್ಲಿ ಕಹಾಲ್‌ನ ಸ್ಲೈಡುಗಳು ಹಿರಿಯ ವಿಜ್ಞಾನಿ ಕೊಲಿಕರ್‌ನನ್ನು ಗೆದ್ದವು. 1891ರಲ್ಲಿ ವಾಲ್ಡೆಯರ್ ‘ನ್ಯೂರಾನ್’ ಎಂಬ ಹೆಸರಿಟ್ಟ. ಕೋಶಗಳು ಸಂಧಿಸುವ ತಾಣಕ್ಕೆ 1897ರಲ್ಲಿ ಶೆರಿಂಗ್‌ಟನ್ ‘ಸಿನಾಪ್ಸ್’ ಎಂಬ ಪದ ತಂದ. 1906ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡಾಗಲೂ ಗಾಲ್ಜಿ ತನ್ನ ಉಪನ್ಯಾಸದಲ್ಲಿ ನರಕೋಶ ಸಿದ್ಧಾಂತವನ್ನು ಖಂಡಿಸಿದ. ಮರುದಿನ ಕಹಾಲ್ ಅದೇ ಸಿದ್ಧಾಂತವನ್ನು ಸಮರ್ಥಿಸಿದ. 1921ರಲ್ಲಿ ಲೊವಿ, ಹೃದಯಬಡಿತವನ್ನು ತಗ್ಗಿಸುವ ವೇಗಸ್ ನರವನ್ನು ಪ್ರಚೋದಿಸಿದ ಕಪ್ಪೆಯ ಹೃದಯದಿಂದ ದ್ರವ ತೆಗೆದು ಇನ್ನೊಂದು ಹೃದಯಕ್ಕೆ ಹಾಯಿಸಿದ. ಅದರ ಬಡಿತವೂ ನಿಧಾನಗೊಂಡಿತು. ನರದ ತುದಿಯಿಂದ ಸಂದೇಶ ರಾಸಾಯನಿಕವಾಗಿ ದಾಟಬಲ್ಲದು ಎಂಬುದು ಸಿದ್ಧವಾಯಿತು. 1950ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಸಿನಾಪ್ಸ್‌ನ ಸಂದನ್ನು ಕಣ್ಣಿಗೇ ತೋರಿಸಿತು. ಅದರ ಅಗಲ ಸುಮಾರು 20 ನ್ಯಾನೊಮೀಟರ್.

ಉಪಸಂಹಾರ

ಕೆಲವು ನರಕೋಶಗಳು ನೇರವಾಗಿ ವಿದ್ಯುತ್ ಸಂಪರ್ಕ ಹೊಂದಿರುತ್ತವೆಂದು 1959ರಲ್ಲಿ ತಿಳಿದುಬಂತು. ಅಲ್ಲಿಯೂ ಪ್ರತಿ ಕೋಶ ತನ್ನ ಪೊರೆಯನ್ನು ಉಳಿಸಿಕೊಂಡಿರುತ್ತದೆ. ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆಯೆಂಬುದು ಇಂದಿನ ಅಂದಾಜು. ಅವುಗಳ ನಡುವಣ ಸಿನಾಪ್ಸ್‌ಗಳು ಬಲಗೊಳ್ಳುವುದು, ಸಡಿಲಗೊಳ್ಳುವುದು ಕಲಿಕೆಗೂ ನೆನಪಿಗೂ ಆಧಾರ. ಮನೋರೋಗದ ಹಲವು ಔಷಧಿಗಳು ಕೆಲಸ ಮಾಡುವುದೂ ಅಲ್ಲಿಯೇ. ಹೈಸ್ಕೂಲಿನ ಮಕ್ಕಳು ನರಕೋಶದ ಚಿತ್ರವನ್ನು ಆಕ್ಸಾನ್‌ನ ತುದಿಯವರೆಗೆ ಬರೆದು ನಿಲ್ಲಿಸುತ್ತಾರೆ. ಶಿಕ್ಷಕರು ಆ ತುದಿಯ ಪಕ್ಕದಲ್ಲಿ ಇನ್ನೊಂದು ಕೋಶವನ್ನು, ನಡುವೆ ಒಂದು ಕಿರುಸಂದನ್ನು ಬಿಟ್ಟು ಬರೆಸಿದರೆ, ‘ನರಕೋಶ’ಕ್ಕೂ ‘ನರಜಾಲ’ಕ್ಕೂ ಇರುವ ಸಂಬಂಧ ಆ ಚಿತ್ರದಲ್ಲೇ ತಿಳಿಯುತ್ತದೆ.