ಏಪ್ರಿಲ್ 15ರ ನಿರ್ಣಯ

ಅಮೆರಿಕದ ವಿಶ್ವವಿದ್ಯಾಲಯವೊಂದು ಧನಸಹಾಯ ಸಮೇತ ಸ್ನಾತಕೋತ್ತರ ಅಥವಾ ಪಿಎಚ್.ಡಿ. ಪ್ರವೇಶ ಕೊಟ್ಟಾಗ, ಅದನ್ನು ಒಪ್ಪುವುದೋ ಬಿಡುವುದೋ ಎಂದು ಯೋಚಿಸಲು ವಿದ್ಯಾರ್ಥಿಗೆ ಏಪ್ರಿಲ್ 15ರವರೆಗೆ ಸಮಯ ಇರಬೇಕೆಂದು ಅಲ್ಲಿನ ವಿಶ್ವವಿದ್ಯಾಲಯಗಳು ತಮ್ಮತಮ್ಮೊಳಗೆ ಮಾಡಿಕೊಂಡಿರುವ ಒಪ್ಪಂದ. 1965ರಲ್ಲಿ ಮೊದಲು ಅಂಗೀಕಾರವಾದ ಈ ನಿರ್ಣಯವನ್ನು ವಾಷಿಂಗ್ಟನ್‌ನ ಕೌನ್ಸಿಲ್ ಆಫ್ ಗ್ರಾಜುಯೇಟ್ ಸ್ಕೂಲ್ಸ್ ನಿರ್ವಹಿಸುತ್ತದೆ. ಒಪ್ಪಿಗೆ ಕೊಟ್ಟ ಸಂಸ್ಥೆಗಳ ಪಟ್ಟಿಯನ್ನೂ ಅದೇ ಪ್ರಕಟಿಸುತ್ತದೆ. ಡಿಸೆಂಬರ್ ಹೊತ್ತಿಗೆ ಅರ್ಜಿ, ಫೆಬ್ರವರಿ–ಮಾರ್ಚ್‌ನಲ್ಲಿ ಉತ್ತರ, ಏಪ್ರಿಲ್ ಮಧ್ಯಕ್ಕೆ ತೀರ್ಮಾನ, ಅಲ್ಲಿಂದ ಆಗಸ್ಟ್‌ವರೆಗೆ ವೀಸಾ, ಮನೆ, ವಿಮಾನದ ಓಡಾಟ: ಪ್ರವೇಶದ ಇಡೀ ವರ್ಷ ಈ ಒಂದು ದಿನಾಂಕದ ಸುತ್ತ ತಿರುಗುತ್ತದೆ. ಓಪನ್ ಡೋರ್ಸ್ ವರದಿಯಂತೆ 2023–24ರಲ್ಲಿ ಅಮೆರಿಕದಲ್ಲಿದ್ದ ಭಾರತೀಯ ವಿದ್ಯಾರ್ಥಿಗಳು 3,31,602 ಮಂದಿ; ಅವರಲ್ಲಿ 1,96,567 ಮಂದಿ ಪದವಿಯ ಮೇಲಿನ ಹಂತದವರು. ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಎಷ್ಟೋ ಮನೆಗಳಲ್ಲಿ ಮಾರ್ಚ್ ತಿಂಗಳು ಈ ತೀರ್ಮಾನದ ಮಾತಿನಲ್ಲೇ ಕಳೆಯುತ್ತದೆ.

ವ್ಯಾಪ್ತಿ ಮತ್ತು ಮಿತಿ

ನಿರ್ಣಯ ಅನ್ವಯಿಸುವುದು ಹಣದ ನೆರವಿಗೆ, ಅಂದರೆ ಫೆಲೋಶಿಪ್, ಸ್ಕಾಲರ್‌ಶಿಪ್, ಟ್ರೈನಿಶಿಪ್ ಮತ್ತು ಅಸಿಸ್ಟೆಂಟ್‌ಶಿಪ್‌ಗಳಿಗೆ. ಬರೀ ಪ್ರವೇಶಪತ್ರಕ್ಕೆ ಇದರ ರಕ್ಷಣೆ ಇಲ್ಲ. ಸ್ವಂತ ಖರ್ಚಿನಲ್ಲಿ ಎಂ.ಎಸ್. ಮಾಡುವವರಿಗೆ ವಿಶ್ವವಿದ್ಯಾಲಯ ಇಂತಿಷ್ಟು ದಿನದೊಳಗೆ ಠೇವಣಿ ಕಟ್ಟಿ ಎಂದು ಕೇಳಿದರೆ ಅದು ನಿರ್ಣಯದ ಉಲ್ಲಂಘನೆಯಾಗದು. ನಮ್ಮ ಕಡೆಯಿಂದ ಹೋಗುವವರಲ್ಲಿ ಬಹುಪಾಲು ಇಂಥವರೇ ಆದ್ದರಿಂದ ಈ ವ್ಯತ್ಯಾಸ ಮೊದಲೇ ಗೊತ್ತಿರಬೇಕು.

ಧನಸಹಾಯದ ಆಫರನ್ನು ಏಪ್ರಿಲ್ 15ಕ್ಕೆ ಮೊದಲೇ ಒಪ್ಪಿಕೊಂಡವರೂ ಆ ದಿನದವರೆಗೆ ಲಿಖಿತವಾಗಿ ಹಿಂದೆ ಸರಿಯಬಹುದು. ಆ ದಿನ ದಾಟಿದ ಮೇಲೆ ಬೇರೆ ಆಫರ್ ಒಪ್ಪಬೇಕಾದರೆ ಮೊದಲ ಸಂಸ್ಥೆಯಿಂದ ಬಿಡುಗಡೆ ಪತ್ರ ಪಡೆಯಬೇಕೆಂಬ ಷರತ್ತು ಹಳೆಯ ಪಠ್ಯದಲ್ಲಿ ಬಹುಕಾಲ ಇತ್ತು. ಇದು ಕಾನೂನಲ್ಲ, ಮುರಿದರೆ ದಂಡವಿಲ್ಲ. ಇದರ ಬಲವೆಲ್ಲ ಸಂಸ್ಥೆಗಳ ಮರ್ಯಾದೆಯಲ್ಲಿದೆ. ವಿಭಾಗವೊಂದು ಮಾರ್ಚ್ 1ಕ್ಕೇ ಉತ್ತರ ಬೇಕೆಂದು ಒತ್ತಾಯಿಸಿದರೆ, ಆ ವಿಶ್ವವಿದ್ಯಾಲಯದ ಹೆಸರು ಪಟ್ಟಿಯಲ್ಲಿದೆಯೇ ನೋಡಿ, ವಿಭಾಗಕ್ಕಲ್ಲದೆ ಗ್ರಾಜುಯೇಟ್ ಸ್ಕೂಲಿನ ಡೀನ್ ಕಚೇರಿಗೆ ವಿನಯವಾಗಿ ಬರೆಯುವುದು ಸರಿಯಾದ ದಾರಿ.

ಒಪ್ಪಂದದ ದೌರ್ಬಲ್ಯ 2025ರಲ್ಲಿ ಎಲ್ಲರಿಗೂ ಕಂಡಿತು. ಅಮೆರಿಕದ ಕೇಂದ್ರ ಸರ್ಕಾರದ ಸಂಶೋಧನಾ ಅನುದಾನ ಅನಿಶ್ಚಿತವಾದಾಗ ಕೆಲವು ಸಂಸ್ಥೆಗಳು ಪಿಎಚ್.ಡಿ. ಪ್ರವೇಶವನ್ನೇ ಕಡಿತಗೊಳಿಸಿದವು, ಮ್ಯಾಸಚೂಸೆಟ್ಸ್‌ನ ಯುಮಾಸ್ ಚಾನ್ ವೈದ್ಯಕೀಯ ಶಾಲೆ ಆಗಲೇ ಕೊಟ್ಟಿದ್ದ ಆಫರ್‌ಗಳನ್ನು ಹಿಂತೆಗೆದುಕೊಂಡಿತು. ವಿದ್ಯಾರ್ಥಿಯ ಮೇಲೆ ಒತ್ತಡ ಹೇರದಂತೆ ನಿರ್ಣಯ ಸಂಸ್ಥೆಯನ್ನು ತಡೆಯುತ್ತದೆಯೇ ಹೊರತು, ಹಣವೇ ಇಲ್ಲವಾದಾಗ ಅದರಿಂದ ಏನೂ ಆಗದು.

ಆಯ್ಕೆ

ನಿರ್ಣಯ ಹುಟ್ಟುವ ಮೊದಲೇ ಇಂಥ ಆಯ್ಕೆ ಮಾಡಿದ ಕನ್ನಡಿಗರಲ್ಲಿ ರಸಾಯನ ವಿಜ್ಞಾನಿ ಸಿ.ಎನ್.ಆರ್. ರಾವ್ ಮುಖ್ಯರು. ಮೈಸೂರು ವಿಶ್ವವಿದ್ಯಾಲಯದ ಬಿ.ಎಸ್‌ಸಿ. ಮತ್ತು ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಎಂ.ಎಸ್‌ಸಿ. ಮುಗಿಸಿದ್ದ ಅವರಿಗೆ ಎಂಐಟಿ, ಕೊಲಂಬಿಯಾ, ಪೆನ್ ಸ್ಟೇಟ್ ಮತ್ತು ಪರ್ಡ್ಯೂ ವಿಶ್ವವಿದ್ಯಾಲಯಗಳಿಂದ ಧನಸಹಾಯದ ಆಫರ್ ಬಂದಿತ್ತು. ಅವರು ಆರಿಸಿಕೊಂಡದ್ದು ಇಂಡಿಯಾನಾದ ಪರ್ಡ್ಯೂ. 1958ರಲ್ಲಿ, ಮೂರು ವರ್ಷವೂ ತುಂಬುವ ಮೊದಲೇ, ಪಿಎಚ್.ಡಿ. ಪಡೆದು, ಮರುವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅಧ್ಯಾಪಕರಾಗಿ ಬಂದರು. ನಾಲ್ಕು ಹೆಸರುಗಳ ನಡುವೆ ಪರ್ಡ್ಯೂ ಹಿಡಿದ ರಾವ್ ಅವರ ಆಯ್ಕೆ ಇಂದಿಗೂ ನೆನಪಿಡತಕ್ಕದ್ದು. ರ‍್ಯಾಂಕಿಂಗ್ ಪಟ್ಟಿ ಇಡೀ ವಿಶ್ವವಿದ್ಯಾಲಯವನ್ನು ಅಳೆಯುತ್ತದೆ. ವಿದ್ಯಾರ್ಥಿ ಐದಾರು ವರ್ಷ ಬದುಕುವುದು ಒಂದು ವಿಭಾಗದಲ್ಲಿ, ಹಲವು ಬಾರಿ ಒಂದೇ ಲ್ಯಾಬಿನಲ್ಲಿ.

ಆಫರ್ ಪತ್ರವನ್ನು ಸಾಲುಸಾಲಾಗಿ ಓದಬೇಕು. ಉದಾಹರಣೆಗೆ ಎರಡು ಪತ್ರಗಳನ್ನು ಇಟ್ಟುಕೊಳ್ಳೋಣ. ಬಾಸ್ಟನ್‌ನಿಂದ ಬಂದದ್ದು ಹನ್ನೆರಡು ತಿಂಗಳಿಗೆ 36,000 ಡಾಲರ್ ಎನ್ನುತ್ತದೆ. ಮಧ್ಯಪಶ್ಚಿಮದ ಸಣ್ಣ ಊರಿನಿಂದ ಬಂದದ್ದು ಒಂಬತ್ತು ತಿಂಗಳಿಗೆ 24,000 ಡಾಲರ್ ಎನ್ನುತ್ತದೆ. ಮೊದಲನೆಯದು ತಿಂಗಳಿಗೆ 3,000. ಎರಡನೆಯದು ಓದಿನ ತಿಂಗಳುಗಳಲ್ಲಿ ಸುಮಾರು 2,667 ಎನಿಸಿದರೂ, ಬೇಸಿಗೆಗೆ ಹಣವಿಲ್ಲದಿದ್ದರೆ ವರ್ಷದ ಲೆಕ್ಕದಲ್ಲಿ 2,000ಕ್ಕೆ ಇಳಿಯುತ್ತದೆ. ಬಾಸ್ಟನ್‌ನಲ್ಲಿ ಹಂಚಿಕೊಂಡ ಮನೆಯ ಒಂದು ಕೋಣೆಗೆ 1,400 ಬಾಡಿಗೆಯಾಗಿ, ಸಣ್ಣ ಊರಿನಲ್ಲಿ 600 ಆದರೆ, ಕೈಯಲ್ಲಿ ಉಳಿಯುವುದು 1,600 ಮತ್ತು 1,400. ವರ್ಷಕ್ಕೆ 12,000 ಡಾಲರ್ ಇದ್ದ ಅಂತರ ತಿಂಗಳಿಗೆ 200ಕ್ಕೆ ಕುಗ್ಗಿತು. ಸಣ್ಣ ಊರಿನ ವಿಭಾಗ ಬೇಸಿಗೆಯಲ್ಲೂ ಸಂಶೋಧನಾ ಕೆಲಸ ಕೊಡುವುದಾದರೆ ಲೆಕ್ಕ ತಿರುಗುಮುರುಗಾಗುತ್ತದೆ. ಆದ್ದರಿಂದ ಕೇಳಲೇಬೇಕಾದ ಮೊದಲ ಪ್ರಶ್ನೆ ಬೇಸಿಗೆಯದು.

ಟ್ಯೂಷನ್ ಮಾಫಿ ಎಂದಿದ್ದರೂ ಪ್ರತಿ ಸೆಮಿಸ್ಟರಿನ ವಿದ್ಯಾರ್ಥಿ ಶುಲ್ಕ ಮಾಫಿಯಾಗಿದೆಯೇ, ಆರೋಗ್ಯ ವಿಮೆಯ ಕಂತು ಕಟ್ಟುವವರು ಯಾರು, ಐದು ವರ್ಷದ ಭರವಸೆಯೋ ಒಂದು ವರ್ಷದ್ದೋ ಎಂಬುದನ್ನೂ ಕೇಳಬೇಕು. ಧನಸಹಾಯವು ನಿಧಿಯ ಲಭ್ಯತೆಗೆ ಒಳಪಟ್ಟಿದೆ ಎಂಬ ಸಾಲು ಹೆಚ್ಚುಕಡಿಮೆ ಎಲ್ಲ ಪತ್ರಗಳಲ್ಲೂ ಇರುತ್ತದೆ. ಆ ವಿಭಾಗದಲ್ಲಿ ಯಾರಿಗಾದರೂ ನಡುವೆ ಹಣ ನಿಂತದ್ದುಂಟೇ ಎಂದು ಈಗಿರುವ ವಿದ್ಯಾರ್ಥಿಗಳನ್ನು ವಿಚಾರಿಸಿದರೆ ಅದರ ನಿಜವಾದ ತೂಕ ಗೊತ್ತಾಗುತ್ತದೆ. ಅರ್ಧಾವಧಿ ನೇಮಕ ಎಂದರೆ ಸಾಮಾನ್ಯವಾಗಿ ವಾರಕ್ಕೆ 20 ಗಂಟೆ ಕೆಲಸ. ಎಫ್-1 ವೀಸಾದವರು ತರಗತಿ ನಡೆಯುವಾಗ ಕ್ಯಾಂಪಸ್ಸಿನಲ್ಲಿ ದುಡಿಯಬಹುದಾದ ಮಿತಿಯೂ ಅಷ್ಟೇ ಆದ್ದರಿಂದ, ಇನ್ನೊಂದು ಕೆಲಸ ಹಿಡಿದು ಕೊರತೆ ತುಂಬುವ ಯೋಚನೆ ಅಲ್ಲಿ ನಡೆಯದು.

ಭಾರತೀಯರಿಗೆ ಮಾತ್ರ ಇರುವ ಒಂದು ಅನುಕೂಲ ಹಲವರಿಗೆ ತಿಳಿದಿರುವುದಿಲ್ಲ. ಭಾರತ–ಅಮೆರಿಕ ತೆರಿಗೆ ಒಪ್ಪಂದದ 21ನೇ ವಿಧಿಯ ಪ್ರಕಾರ ಭಾರತೀಯ ವಿದ್ಯಾರ್ಥಿಗಳು ಅನಿವಾಸಿಗಳಾಗಿದ್ದರೂ ತೆರಿಗೆಯಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ ಪಡೆಯಬಹುದು. ಬೇರೆ ದೇಶಗಳಿಂದ ಬಂದ ಸಹಪಾಠಿಗಳಿಗೆ ಇದು ಸಿಗುವುದಿಲ್ಲ. ಮೊದಲ ಐದು ವರ್ಷಗಳಲ್ಲಿ ಸೋಷಿಯಲ್ ಸೆಕ್ಯುರಿಟಿ ಮತ್ತು ಮೆಡಿಕೇರ್ ಕಡಿತವೂ ಇರುವುದಿಲ್ಲ.

ಮಾರ್ಗದರ್ಶಕರ ವಿಷಯ ಅಧ್ಯಯನ ಕ್ಷೇತ್ರದಿಂದ ಕ್ಷೇತ್ರಕ್ಕೆ ಬದಲಾಗುತ್ತದೆ. ಜೀವವಿಜ್ಞಾನದಲ್ಲಿ ಮೊದಲ ವರ್ಷ ಎರಡು ಮೂರು ಲ್ಯಾಬುಗಳಲ್ಲಿ ಸರದಿಯಂತೆ ಕೆಲಸ ಮಾಡಿ ಆಮೇಲೆ ಒಂದನ್ನು ಆರಿಸಿಕೊಳ್ಳುವ ಪದ್ಧತಿಯಿದೆ. ಎಂಜಿನಿಯರಿಂಗ್‌ನಲ್ಲಿ ಒಬ್ಬ ಪ್ರಾಧ್ಯಾಪಕರ ಹಣದ ಮೇಲೆ ನೇರವಾಗಿ ಸೇರುವುದು ಹೆಚ್ಚು. ಎರಡನೆಯ ಬಗೆಯಲ್ಲಿ ಅಪಾಯವೂ ಹೆಚ್ಚು. ಆ ಪ್ರಾಧ್ಯಾಪಕರು ಬೇರೆಡೆಗೆ ಹೋದರೆ ಅಥವಾ ಹೊಂದಾಣಿಕೆ ಕೆಟ್ಟರೆ, ಅದೇ ವಿಭಾಗದಲ್ಲಿ ಹೋಗಬಹುದಾದ ಇನ್ನೊಬ್ಬರಾದರೂ ಇರಬೇಕು. ಹಿಂದಿನ ವಿದ್ಯಾರ್ಥಿಗಳು ಎಷ್ಟು ವರ್ಷಕ್ಕೆ ಮುಗಿಸಿದರು, ಈಗ ಎಲ್ಲಿದ್ದಾರೆ, ನಡುವೆ ಬಿಟ್ಟುಹೋದವರು ಯಾಕೆ ಬಿಟ್ಟರು ಎಂಬುದನ್ನು ಲ್ಯಾಬಿನವರ ಜೊತೆ ಪ್ರಾಧ್ಯಾಪಕರು ಇಲ್ಲದಾಗ ಮಾತಾಡಿಯೇ ತಿಳಿಯಬೇಕು. ಅಮೆರಿಕದಲ್ಲಿರುವ ಅಭ್ಯರ್ಥಿಗಳನ್ನು ವಿಭಾಗಗಳು ಮಾರ್ಚ್‌ನಲ್ಲಿ ತಮ್ಮ ಖರ್ಚಿನಲ್ಲೇ ಕರೆಸಿಕೊಳ್ಳುವುದುಂಟು. ಭಾರತದಲ್ಲಿರುವವರಿಗೆ ಹೆಚ್ಚಾಗಿ ಉಳಿಯುವುದು ವಿಡಿಯೊ ಕರೆ. ಆ ಕರೆಗಾಗಿ ರಾತ್ರಿ ಹನ್ನೊಂದಕ್ಕೆ ಎದ್ದಿರಬೇಕಾದರೂ ಬಿಡಬಾರದು.

ಸರ್ಕಾರಿ ನೆರವಿಗೆ ಕಾಯುವವರ ಕಷ್ಟ ಬೇರೆ. ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ಪಿಗಾಗಲಿ, ಪರಿಶಿಷ್ಟ ಜಾತಿ ಮತ್ತು ಪಂಗಡದ ವಿದ್ಯಾರ್ಥಿಗಳಿಗಾಗಿ ಕರ್ನಾಟಕ ಸರ್ಕಾರ ತಂದ ಪ್ರಬುದ್ಧ ಯೋಜನೆಗಾಗಲಿ ಅಮೆರಿಕದ ಏಪ್ರಿಲ್ 15 ಲೆಕ್ಕಕ್ಕಿಲ್ಲ. ಇಂಥ ಸಂದರ್ಭದಲ್ಲಿ ವಿಶ್ವವಿದ್ಯಾಲಯಕ್ಕೆ ಪರಿಸ್ಥಿತಿ ವಿವರಿಸಿ ಗಡುವು ವಿಸ್ತರಣೆಯನ್ನೋ ಮುಂದಿನ ವರ್ಷಕ್ಕೆ ಪ್ರವೇಶ ಮುಂದೂಡಿಕೆಯನ್ನೋ ಬರವಣಿಗೆಯಲ್ಲಿ ಕೇಳುವುದುಂಟು. ಬಾಯಿಮಾತಿನ ಒಪ್ಪಿಗೆ ಸಾಲದು.

ಬೇಡವೆಂದು ನಿಶ್ಚಯವಾದ ಆಫರನ್ನು ಏಪ್ರಿಲ್ 15ರವರೆಗೆ ಇಟ್ಟುಕೊಂಡು ಕೂರುವುದು ಬೇರೊಬ್ಬರಿಗೆ ಮಾಡುವ ಅನ್ಯಾಯ. ವಿಭಾಗದ ವೇಟ್‌ಲಿಸ್ಟ್ ಮುಂದೆ ಸರಿಯುವುದು ಯಾರಾದರೂ ಬಿಟ್ಟುಕೊಟ್ಟಾಗಲೇ. ಎಲ್ಲರೂ ಕೊನೆಯ ದಿನ ಬರೆದರೆ ಪಟ್ಟಿಯಲ್ಲಿರುವವರಿಗೆ ಯೋಚಿಸಲು ಒಂದು ರಾತ್ರಿಯೂ ಸಿಗದು. ಕೈಯಲ್ಲಿ ಎರಡು ಉಳಿಸಿಕೊಂಡು ಮಿಕ್ಕವನ್ನು ಮಾರ್ಚ್‌ನಲ್ಲೇ ಬಿಡುವುದು ಒಳ್ಳೆಯ ರೂಢಿ. ಪತ್ರ ನಾಲ್ಕು ಸಾಲಿದ್ದರೆ ಸಾಕು. ಕಾರಣ ವಿವರಿಸಬೇಕಿಲ್ಲ, ಧನ್ಯವಾದ ಹೇಳಬೇಕು.

ವೀಸಾ ಮತ್ತು ಹಣ

ಒಪ್ಪಿಗೆ ಕೊಟ್ಟ ಮೇಲೆ ವಿಶ್ವವಿದ್ಯಾಲಯ ಐ-20 ಎಂಬ ಪತ್ರ ಕಳಿಸುತ್ತದೆ. ಅದರಲ್ಲಿ ಮೊದಲ ವರ್ಷದ ಖರ್ಚು ಮತ್ತು ಅದನ್ನು ಭರಿಸುವ ಮೂಲ ನಮೂದಾಗಿರುತ್ತವೆ. ಆಮೇಲೆ 350 ಡಾಲರ್ ಸೆವಿಸ್ ಶುಲ್ಕ, ಡಿಎಸ್-160 ಅರ್ಜಿ, 2023ರಿಂದ 185 ಡಾಲರ್ ಆಗಿರುವ ವೀಸಾ ಅರ್ಜಿ ಶುಲ್ಕ, ಕೊನೆಗೆ ಸಂದರ್ಶನ. 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾದರೂ ವೀಸಾ ಸೇವೆ ಆಗಲೇ ಶುರುವಾಗಲಿಲ್ಲ. ಕರ್ನಾಟಕದವರು ಬಹುಕಾಲದಿಂದ ಚೆನ್ನೈಗೋ ಹೈದರಾಬಾದಿಗೋ ಹೋಗುತ್ತ ಬಂದಿದ್ದಾರೆ. ಓದು ಮುಗಿಸಿ ಮರಳುವ ಉದ್ದೇಶವಿದೆಯೆಂದು ಅಧಿಕಾರಿಗೆ ಮನದಟ್ಟಾಗದಿದ್ದರೆ ವಲಸೆ ಕಾಯ್ದೆಯ 214(ಬಿ) ಅಡಿ ನಿರಾಕರಣೆಯಾಗುತ್ತದೆ. 2025ರ ಮೇ–ಜೂನ್‌ನಲ್ಲಿ ಹೊಸ ಸಂದರ್ಶನಗಳ ನಿಗದಿಯನ್ನು ಕೆಲವು ವಾರ ನಿಲ್ಲಿಸಿ, ಸಾಮಾಜಿಕ ಜಾಲತಾಣದ ಖಾತೆಗಳನ್ನು ಸಾರ್ವಜನಿಕವಾಗಿಡುವ ಷರತ್ತಿನೊಂದಿಗೆ ಮತ್ತೆ ಆರಂಭಿಸಲಾಯಿತು. ಐ-20 ಕೈಗೆ ಬಂದ ದಿನವೇ ಸಂದರ್ಶನಕ್ಕೆ ದಿನ ಹುಡುಕುವುದು ಜಾಣತನ. ಆದರೆ ವೀಸಾ ಬೇಗ ಸಿಕ್ಕಿತೆಂದು ಬೇಗ ಹೊರಡುವಂತಿಲ್ಲ. ಕಾರ್ಯಕ್ರಮ ಆರಂಭವಾಗುವ 30 ದಿನಕ್ಕೆ ಮೊದಲು ಆ ದೇಶ ಪ್ರವೇಶಿಸಲು ಬಿಡುವುದಿಲ್ಲ.

ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆಯಲ್ಲಿ ಒಬ್ಬರು ಹಣಕಾಸು ವರ್ಷಕ್ಕೆ 2,50,000 ಡಾಲರ್‌ವರೆಗೆ ಕಳಿಸಬಹುದು. ನಿಗದಿತ ಹಣಕಾಸು ಸಂಸ್ಥೆಗಳಿಂದ ಪಡೆದ ಶಿಕ್ಷಣ ಸಾಲದ ಹಣ ಕಳಿಸುವಾಗ ಹಿಡಿಯುತ್ತಿದ್ದ ಟಿಸಿಎಸ್ ಎಂಬ ತೆರಿಗೆ 2025ರ ಏಪ್ರಿಲ್‌ನಿಂದ ರದ್ದಾಗಿದೆ. ಸಾಲದ ಬಡ್ಡಿಗೆ ಆದಾಯ ತೆರಿಗೆಯ 80ಇ ವಿನಾಯಿತಿ ಎಂಟು ವರ್ಷದವರೆಗೆ ಸಿಗುತ್ತಿದ್ದುದು ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ.

ಮನೆ

ವಿಶ್ವವಿದ್ಯಾಲಯದ ಊರುಗಳಲ್ಲಿ ಬಾಡಿಗೆ ಕರಾರುಗಳೆಲ್ಲ ಒಂದೇ ದಿನ ಮುಗಿದು ಒಂದೇ ದಿನ ಶುರುವಾಗುವುದುಂಟು. ಬಾಸ್ಟನ್‌ನಲ್ಲಿ ಅದು ಸೆಪ್ಟೆಂಬರ್ 1. ಆ ದಿನ ಆಲ್‌ಸ್ಟನ್ ಬಡಾವಣೆಯ ಪಾದಚಾರಿ ಹಾದಿಗಳ ತುಂಬ ಖಾಲಿ ಮಾಡಿ ಹೋದವರ ಮೇಜು, ಕುರ್ಚಿ, ದೀಪ, ಪುಸ್ತಕದ ಕಪಾಟು ರಾಶಿ ಬಿದ್ದಿರುತ್ತವೆ. ಬೇಕಾದವರು ಎತ್ತಿಕೊಂಡು ಹೋಗಬಹುದು. ಊರಿನವರು ಇದನ್ನು ಆಲ್‌ಸ್ಟನ್ ಕ್ರಿಸ್‌ಮಸ್ ಎನ್ನುತ್ತಾರೆ. ಬಾಡಿಗೆ ಲಾರಿ ತಂದವರು ಸ್ಟಾರೊ ಡ್ರೈವ್ ರಸ್ತೆಯ ತಗ್ಗು ಸೇತುವೆಗಳ ಕೆಳಗೆ ಸಿಕ್ಕಿಬೀಳುವುದೂ ವರ್ಷವರ್ಷದ ಸುದ್ದಿ. ಮೇಜು ಕುರ್ಚಿ ತರಬಹುದು, ಹಾಸಿಗೆ ಮಾತ್ರ ತರಬಾರದು. ತಿಗಣೆ ಒಮ್ಮೆ ಮನೆ ಹೊಕ್ಕರೆ ಬಿಡಿಸುವ ಖರ್ಚು ಹೊಸ ಹಾಸಿಗೆಯ ಬೆಲೆಯನ್ನು ಮೀರುತ್ತದೆ. ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿ ಹಲವು ಕರಾರುಗಳು ಆಗಸ್ಟ್ 14ಕ್ಕೆ ಮುಗಿದು 15ಕ್ಕೆ ಶುರುವಾಗುತ್ತವೆ. ನಡುವಿನ ಆ ರಾತ್ರಿಗೆ ಜಾಗ ಮೊದಲೇ ನೋಡಿಕೊಂಡಿರಬೇಕು.

ಮ್ಯಾಸಚೂಸೆಟ್ಸ್ ಕಾನೂನಿನಂತೆ ಮನೆಯ ಮಾಲೀಕರು ಮೊದಲ ತಿಂಗಳು, ಕೊನೆಯ ತಿಂಗಳು ಮತ್ತು ಒಂದು ತಿಂಗಳ ಭದ್ರತಾ ಠೇವಣಿಯನ್ನು ಮುಂಗಡವಾಗಿ ಕೇಳಬಹುದು. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕಂಡವರಿಗೆ ಇದು ದೊಡ್ಡದೆನಿಸದಿದ್ದರೂ ಡಾಲರ್ ಲೆಕ್ಕದಲ್ಲಿ ಭಾರವೇ. ಹೊಸಬರಿಗೆ ಅಲ್ಲಿ ಸಾಲ ಮರುಪಾವತಿಯ ಇತಿಹಾಸ ಇರುವುದಿಲ್ಲ. ಅಸಿಸ್ಟೆಂಟ್‌ಶಿಪ್ ಪತ್ರವನ್ನೇ ಆದಾಯದ ಪುರಾವೆಯಾಗಿ ತೋರಿಸಬಹುದು. ಮನೆ ತೋರಿಸದೆ ಹಣ ಮೊದಲು ಕಳಿಸಿ ಎನ್ನುವವರು ವಂಚಕರೆಂದೇ ತಿಳಿಯಬೇಕು. ಅಲ್ಲಿರುವ ಭಾರತೀಯ ವಿದ್ಯಾರ್ಥಿ ಸಂಘದವರೋ ಸ್ಥಳೀಯ ಕನ್ನಡ ಕೂಟದವರೋ ಹೋಗಿ ನೋಡಿ ಬಂದರೆ ನೆಮ್ಮದಿ. ಮೊದಲ ಕೆಲವು ದಿನ ಉಳಿಯಲು ಜಾಗ ಕೊಡುವ, ವಿಮಾನ ನಿಲ್ದಾಣದಿಂದ ಕರೆತರುವ ಕೆಲಸವನ್ನೂ ಇಂಥವರು ಸ್ವಂತ ಇಚ್ಛೆಯಿಂದ ಮಾಡುತ್ತಾರೆ.

ಆರೋಗ್ಯ ಮತ್ತು ಸಾಮಾನು

ಎಂಎಂಆರ್ ಲಸಿಕೆಯ ಎರಡು ಡೋಸಿನ ದಾಖಲೆಯನ್ನು ಹೆಚ್ಚಿನ ವಿಶ್ವವಿದ್ಯಾಲಯಗಳು ಕೇಳುತ್ತವೆ. ಕ್ಷಯ ಪರೀಕ್ಷೆಯಲ್ಲಿ ನಮ್ಮವರು ಎಚ್ಚರ ವಹಿಸಬೇಕು. ಹುಟ್ಟಿದಾಗ ಬಿಸಿಜಿ ಹಾಕಿಸಿಕೊಂಡವರಿಗೆ ಚರ್ಮದ ಪರೀಕ್ಷೆ ಸುಳ್ಳು ಪಾಸಿಟಿವ್ ತೋರಿಸಬಹುದು. ಇಗ್ರಾ ಎಂಬ ರಕ್ತ ಪರೀಕ್ಷೆಗೆ ಬಿಸಿಜಿಯ ಪ್ರಭಾವವಿಲ್ಲ.

ತಾಜಾ ಕರಿಬೇವನ್ನು ಅಮೆರಿಕದೊಳಗೆ ಒಯ್ಯುವಂತಿಲ್ಲ. ಕಿತ್ತಳೆ, ನಿಂಬೆ ಗಿಡಗಳನ್ನು ಕೊಲ್ಲುವ ರೋಗ ಹರಡುವ ಕೀಟ ಕರಿಬೇವಿನ ಗಿಡದಲ್ಲೂ ಬದುಕುತ್ತದೆ ಎಂಬುದು ಕಾರಣ. ಒಣಕೊಬ್ಬರಿ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ವಸ್ತುವೆಂದು ವಿಮಾನಯಾನದ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿದೆ. ಸಾರಿನ ಪುಡಿ, ಹುಳಿಪುಡಿಗಳಿಗೆ ಸಾಮಾನ್ಯವಾಗಿ ತೊಡಕಿಲ್ಲ. ತಿನಿಸುಗಳಿರುವುದನ್ನು ಕಸ್ಟಮ್ಸ್‌ನಲ್ಲಿ ಘೋಷಿಸಬೇಕು. ಅಂಕಪಟ್ಟಿ, ಮುಚ್ಚಿದ ಲಕೋಟೆಯ ಟ್ರಾನ್ಸ್‌ಕ್ರಿಪ್ಟ್, ಪದವಿ ಪ್ರಮಾಣಪತ್ರ, ಐ-20 ಇವು ಕೈಚೀಲದಲ್ಲೇ ಇರಬೇಕು. ಘಟಿಕೋತ್ಸವ ತಡವಾಗುವ ವಿಶ್ವವಿದ್ಯಾಲಯಗಳವರು ಪ್ರೊವಿಷನಲ್ ಸರ್ಟಿಫಿಕೇಟಿಗೆ ಮೇ ತಿಂಗಳಲ್ಲೇ ಅರ್ಜಿ ಹಾಕುವುದು ಕ್ಷೇಮ.

ಅಸಿಸ್ಟೆಂಟ್‌ಶಿಪ್ಪಿನ ಮೊದಲ ಸಂಬಳ ಹಲವೆಡೆ ಸೆಪ್ಟೆಂಬರ್ ಕೊನೆಗೆ ಬರುತ್ತದೆ. ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ತಡವಾದರೆ ಇನ್ನೂ ಮುಂದಕ್ಕೆ ಹೋಗಬಹುದು. ಬಾಡಿಗೆ, ಠೇವಣಿ, ಊಟಕ್ಕೆ ಎರಡು ತಿಂಗಳಿಗಾಗುವಷ್ಟು ಹಣವನ್ನು ಪೂರ್ಣ ಧನಸಹಾಯ ಇರುವವರೂ ಇಲ್ಲಿಂದಲೇ ಹೊಂದಿಸಿಕೊಂಡು ಹೋಗಬೇಕಾಗುತ್ತದೆ.